ದೇವರಿಗೆ ಕೊಡಬೇಕಾದ ಏಣಿ

ಜನವರಿ ೯

ಅತ್ತಿಗೆಗೆ ನಮಸ್ಕಾರ.

ಇದನ್ನು ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮ ಫೋನಿನ ಪಕ್ಕದ ಕುರ್ಚಿಯಲ್ಲಿ ಅಮ್ಮ ಗೂಟ ಹೊಡೆದುಕೊಂಡು ಕೂತಿರುತ್ತಾಳೆ. ನಾನು ಅಣ್ಣನ ಮಾತೆತ್ತಿದರೆ ಸಾಕು, ನೀವು "ಆಮೇಲೆ ಮಾತಾಡೋಣ" ಎಂದು ಇಟ್ಟೇಬಿಡುತ್ತೀರಿ. ಮಗನನ್ನು ಕಳೆದುಕೊಂಡವಳ ಎದುರು ಅದೆಲ್ಲ ಬೇಡ ಎಂಬ ನಿಮ್ಮ ಎಚ್ಚರ ನನಗೂ ಅರ್ಥವಾಗುತ್ತದೆ. ಅದಕ್ಕೇ ಈ ಕಾಗದ, ಅದೂ ನಿಮ್ಮ ಬೋರ್ಡ್ ಅಂಗಡಿಯ ವಿಳಾಸಕ್ಕೆ.

ನಮ್ಮ ನಿಘಂಟು ಕಚೇರಿಯಲ್ಲಿ ಈ ವರ್ಷ ನನ್ನ ಪಾಲಿಗೆ ಬಂದಿರುವುದು ಇಂಗ್ಲಿಷಿನ ಡಿ ಅಕ್ಷರ. ಚೀಟಿಗಳು ಹಾರಿಹೋಗುತ್ತವೆಂದು ಫ್ಯಾನ್ ಹಾಕುವಂತಿಲ್ಲ, ಧೂಳು ಬರುತ್ತದೆಂದು ಕಿಟಕಿ ತೆಗೆಯುವಂತಿಲ್ಲ. ಬೇಯುತ್ತಾ ಕೂತು ಅರ್ಥ ಬರೆಯುತ್ತಿದ್ದೇನೆ. ಈ ವಾರ ಒಂದು ವಿಚಿತ್ರ ಪದ ಗಂಟುಬಿದ್ದಿದೆ. ಡಿಯೊಡ್ಯಾಂಡ್. ಈಗ ಯಾರೂ ಬಳಸುವುದಿಲ್ಲ. ಹಿಂದೆ ಇಂಗ್ಲಿಷರ ಕಾನೂನಿನಲ್ಲಿತ್ತು. ಒಬ್ಬ ಮನುಷ್ಯನ ಸಾವಿಗೆ ಯಾವುದಾದರೂ ವಸ್ತು ಕಾರಣವಾದರೆ, ಗಾಡಿಯಾಗಲಿ, ಕುದುರೆಯಾಗಲಿ, ಬಾವಿಯ ಕೊಡವಾಗಲಿ, ಆ ವಸ್ತುವನ್ನೇ ಅಪರಾಧಿಯೆಂದು ಹಿಡಿದು ರಾಜನಿಗೆ ಒಪ್ಪಿಸಬೇಕಿತ್ತು. ರಾಜ ಅದನ್ನು ದೇವರ ಹೆಸರಿನಲ್ಲಿ ಒಳ್ಳೆಯ ಕೆಲಸಕ್ಕೆ ಕೊಡಬೇಕು. ಲ್ಯಾಟಿನ್‌ನಲ್ಲಿ 'ದೇವರಿಗೆ ಕೊಡತಕ್ಕದ್ದು' ಎಂಬ ಮಾತು ಕಾನೂನಿನವರ ಬಾಯಲ್ಲಿ ಸವೆದು ಒಂದೇ ಪದವಾಯಿತು. ಪಕ್ಕದ ಮೇಜಿನ ಮಹಾಶಯರು "ದೇವದಂಡ ಅಂತ ಹಾಕಿಬಿಡಿ, ಕಿವಿಗೂ ಚೆನ್ನಾಗಿದೆ" ಎಂದರು. ನಾನು ಒಪ್ಪಲಿಲ್ಲ. ಅದರಲ್ಲಿ ದಂಡ ಇಲ್ಲ, ಕೊಡುವುದಿದೆ. ನಮ್ಮ ದೇವ, ನಮ್ಮ ದಾನ, ಎರಡಕ್ಕೂ ಅದು ದೂರದ ನೆಂಟ.

ನಮ್ಮ ಸಂಪಾದಕರಿಗೆ ಅರ್ಥ ಮಾತ್ರ ಸಾಲದು. ಬದುಕಿನಿಂದ ಎತ್ತಿದ ಒಂದು ಉದಾಹರಣೆ ವಾಕ್ಯ ಬೇಕು. ನಿಮ್ಮನ್ನು ಕೇಳೋಣ ಅನ್ನಿಸಿತು. ಒಂದು ಮನೆಯಲ್ಲಿ ಜೀವ ತೆಗೆದ ವಸ್ತುವನ್ನು ಮನೆಯವರು ಆಮೇಲೆ ಏನು ಮಾಡುತ್ತಾರೆ? ಇಟ್ಟುಕೊಳ್ಳುತ್ತಾರಾ, ಎಸೆಯುತ್ತಾರಾ?

ಮಾತಿಗೆ ಮಾತು ಬಂತು. ಅಣ್ಣನ ಕುಂಚಗಳೆಲ್ಲ ಹೇಗಿವೆ? ಅವನಿದ್ದಾಗ ಕೊನೆಯ ಸಲ ಬಂದು ನಾನು ಬಣ್ಣ ಬಳಿದುಕೊಟ್ಟ ನೀಲಿ ಏಣಿ ಇದೆಯಲ್ಲ? ಅದನ್ನು ಮಾತ್ರ ಯಾರಿಗೂ ಕೊಡಬೇಡಿ. ಒಂದು ದಿನ ನಾನೇ ಒಯ್ಯುತ್ತೇನೆ.

ನಿಮ್ಮ ಸಣ್ಣಕ್ಷರ


ಜನವರಿ ೨೦

ಮೈದುನನಿಗೆ,

ಇಂಗ್ಲಿಷಿನಲ್ಲಿ ಪದಗಳಿಗೆ ಬರಗಾಲವೇನಪ್ಪ? ಇದ್ದದ್ದರಲ್ಲಿ ಇದೇ ಸಿಕ್ಕಿತಾ ನಿನಗೆ? ಅಣ್ಣ ಹೋಗಿ ಇನ್ನೂ ವರ್ಷವಾಗಿಲ್ಲ, ಜೀವ ತೆಗೆದ ಸಾಮಾನನ್ನು ಏನು ಮಾಡಿದಿರಿ ಎಂದು ಅತ್ತಿಗೆಯನ್ನು ಕೇಳುತ್ತಿದ್ದೀಯ, ಅದೂ ಉದಾಹರಣೆಗೆ! ನಾನು ಅಷ್ಟು ಪೆದ್ದಿಯಲ್ಲ. ಯಾರು ನಿನ್ನ ಕಿವಿ ಊದಿದರು ಹೇಳು. ಮನೆಯ ಎದುರಿಗೆ ಹೊಸದಾಗಿ ಬಂದ ಔಷಧಿ ಅಂಗಡಿಯವನು ಬರೆದನಾ? ಅವನ ಬೋರ್ಡ್ ಬರೆಯುವಾಗಲೇ ನಿನ್ನ ಅಣ್ಣ ಬಿದ್ದದ್ದು ನಿಜ. ಆದರೆ ಅವನು ಒಳಗೆ ಗಲ್ಲಾದ ಹತ್ತಿರ ಕೂತಿದ್ದ, ಅವನು ಕಂಡದ್ದು ಏನೂ ಇಲ್ಲ. ಅವನು ಹೇಳಿದ್ದನ್ನು ನಂಬಬೇಡ.

ನಿನಗೆ ಬೇಕಾದ್ದು ಇದೇ ಆದರೆ ಕೇಳಿಕೋ. ಅವತ್ತು ನಿಲ್ಲಿಸಿದ್ದು ಸುಣ್ಣದಣ್ಣನ ಏಣಿ. ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲಿ ಗೋಡೆಗೆ ಸುಣ್ಣ ಹೊಡೆಯುವವರು ಇದ್ದಾರಲ್ಲ, ಅವರದ್ದು. ಮೆಟ್ಟಿಲು ಮುರಿಯಿತು. ಪೊಲೀಸರು ಬಂದರು, ನೋಡಿದರು, ಬರೆದುಕೊಂಡರು, ಹೋದರು. ಅವರ ಏಣಿ ಅವರು ತೆಗೆದುಕೊಂಡು ಹೋದರು. ನಿನ್ನ ನೀಲಿ ಏಣಿಗೆ ಗೆದ್ದಲು ಹಿಡಿದು ಸೌದೆಗೆ ಹೋಯಿತು. ಅದು ಅವತ್ತು ಅಲ್ಲಿ ಇರಲೇ ಇಲ್ಲ, ಮನೆಯ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದರು.

ಕುಂಚಗಳಿವೆ. ದಿನಾ ಬಳಸುತ್ತಿದ್ದೇನೆ. ಮೊದಲು ನಾನು ಗೆರೆ ಎಳೆದುಕೊಡುತ್ತಿದ್ದೆ, ಅವರು ತುಂಬುತ್ತಿದ್ದರು. ಈಗ ಎರಡೂ ನಾನೇ. ಮೊನ್ನೆ ಒಂದು ಟೈಲರ್ ಅಂಗಡಿಯ ಬೋರ್ಡ್ ಮುಗಿಸಿದೆ. ಅತ್ತೆ ನೋಡಿ "ಅಕ್ಷರ ಸ್ವಲ್ಪ ಬಲಕ್ಕೆ ವಾಲಿದೆ" ಎಂದರು. ಅವರ ಕಣ್ಣು ಇನ್ನೂ ಚುರುಕಾಗಿದೆ, ಹೊಟ್ಟೆಕಿಚ್ಚಾಗುತ್ತದೆ.

ಈ ವಿಷಯ ಇಲ್ಲಿಗೆ ಬಿಡು. ನಿನ್ನ ಪದಕ್ಕೆ ಗಾಡಿ, ಕುದುರೆ ಏನಾದರೂ ಹಾಕಿಕೋ.

ಅತ್ತಿಗೆ


ಜನವರಿ ೨೯

ಅತ್ತಿಗೆ,

ಯಾರೂ ನನ್ನ ಕಿವಿ ಊದಿಲ್ಲ. ಔಷಧಿ ಅಂಗಡಿಯವನ ಮುಖವೂ ನನಗೆ ನೆನಪಿಲ್ಲ. ನಿಜಕ್ಕೂ ಪದದ ವಿಷಯಕ್ಕೇ ಬರೆದೆ. ನಿಮಗೆ ನೋವಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆದರೆ ನಿಮ್ಮ ಕಾಗದ ಓದಿದ ಮೇಲೆ ನನ್ನ ತಲೆಗೆ ಹುಳ ಹೊಕ್ಕಿದೆ. ಅಣ್ಣ ಹೋದ ದಿನ ಫೋನಿನಲ್ಲಿ ನೀವು ಹೇಳಿದ್ದು "ಬಾಡಿಗೆ ಏಣಿ" ಎಂದು. ನಾನು ರೈಲು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಕೇಳುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ. ಈಗ ಅದು ಸುಣ್ಣದಣ್ಣನದಾಗಿದೆ. ಇನ್ನೊಂದು, ಎಣ್ಣೆಬಣ್ಣ ಬಳಿದ ಏಣಿಗೆ ಇಷ್ಟು ಬೇಗ ಗೆದ್ದಲು ಹಿಡಿಯಿತೆ? ಎರಡು ಕೋಟು ಬಳಿದಿದ್ದೆನಲ್ಲ. ನಮ್ಮ ಮನೆಯಲ್ಲಿ ಬಕೆಟ್ಟಿಗೆ ಬಣ್ಣ, ಸ್ಟೂಲಿಗೆ ಬಣ್ಣ, ಬಾಗಿಲ ಚಿಲಕಕ್ಕೂ ಉಳಿದ ಬಣ್ಣ. ಅನ್ನ ಹಾಕುವ ಏಣಿಯೊಂದೇ ಬೋಳುಬೋಳಾಗಿ ನಿಂತಿತ್ತು. ಅಣ್ಣ ಏಣಿ ಬೇಡದ ಕೆಲಸಕ್ಕೆ ಹೋದ ದಿನ ನೋಡಿ ಗುಟ್ಟಾಗಿ ಬಳಿದುಬಿಟ್ಟೆ. ಒಂದೊಂದು ಮೆಟ್ಟಿಲಿಗೆ ಅ, ಆ, ಇ, ಈ ಎಂದು ಪುಟ್ಟದಾಗಿ ಬರೆದೆ. ಅವನು ಬಂದು ನೋಡಿ ನಕ್ಕು ನಕ್ಕು ನೆಲದಲ್ಲೇ ಕೂತುಬಿಟ್ಟ. "ದೊಡ್ಡಕ್ಷರದವನ ಏಣಿಗೆ ಸಣ್ಣಕ್ಷರ ಬಂತಲ್ಲೋ" ಎಂದ. ನಾನು ಅವನನ್ನು ನೋಡಿದ ಕೊನೆಯ ಸಲ ಅದು. ಅಂಥದ್ದನ್ನು ಸೌದೆಗೆ ಹಾಕುವ ಮೊದಲು ನನಗೊಂದು ಮಾತು ಹೇಳಬಾರದಿತ್ತೆ?

ನನ್ನ ಪದದ ಬಗ್ಗೆ ಇನ್ನಷ್ಟು ಓದಿದೆ. ಗಾಡಿ ನಿಂತಿದ್ದಾಗ ಅದರ ಚಕ್ರ ಹತ್ತಿ ಒಬ್ಬ ಬಿದ್ದು ಸತ್ತರೆ ಚಕ್ರ ಮಾತ್ರ ತಪ್ಪಿತಸ್ಥ. ಗಾಡಿ ಚಲಿಸುತ್ತಿದ್ದರೆ ಅದರ ಜೊತೆ ಚಲಿಸಿದ್ದೆಲ್ಲವೂ, ಚಕ್ರ, ಗಾಡಿ, ಕುದುರೆ, ಎಲ್ಲ ಕೊಡಬೇಕು. ತಮಾಷೆಯೆಂದರೆ ತೀರ್ಪು ಹೇಳುವ ಊರಿನ ಪಂಚರು ಎಷ್ಟೋ ಸಲ ಬೇಕೆಂದೇ ಯಾವುದಾದರೂ ಚಿಕ್ಕ ಭಾಗದ ಮೇಲೆ ಎತ್ತಿಹಾಕುತ್ತಿದ್ದರಂತೆ. ಗಾಡಿಯ ಯಜಮಾನ ತಮ್ಮವನೇ, ಪಾಪ, ಉಳಿಯಲಿ ಎಂದು.

ನೀವು ಯಾರನ್ನು ಉಳಿಸುತ್ತಿದ್ದೀರಿ ಎಂದು ನಾನು ಕೇಳುತ್ತಿಲ್ಲ. ಏಣಿ ಯಾರದ್ದು ಎಂದಷ್ಟೇ ಕೇಳುತ್ತಿದ್ದೇನೆ.

ಸಣ್ಣಕ್ಷರ


ಫೆಬ್ರವರಿ ೨೧

ಕೆಲಸ ಜಾಸ್ತಿ. ಬರೆಯಲು ಪುರುಸೊತ್ತಿರಲಿಲ್ಲ.

ಏಣಿ ಸುಣ್ಣದಣ್ಣನದು, ನಿನ್ನ ಅಣ್ಣ ಅದನ್ನು ಬಾಡಿಗೆಗೆ ತಂದಿದ್ದರು. ನಾನು ಹೇಳಿದ ಎರಡೂ ನಿಜ. ಇದರಲ್ಲಿ ಹುಳ ಹೊಗುವಂಥದ್ದೇನಿದೆ?

ಎತ್ತರದ ಬೋರ್ಡುಗಳಿಗೆ ಈಗ ನಾನು ಹತ್ತುವುದಿಲ್ಲ. ಸುಣ್ಣದಣ್ಣ ಹತ್ತುತ್ತಾರೆ, ನಾನು ಕೆಳಗೆ ನಿಂತು ಹೇಳುತ್ತೇನೆ. ಅವರಿಲ್ಲದಿದ್ದರೆ ಅಂಗಡಿಗೆ ಯಾವತ್ತೋ ಬೀಗ ಬೀಳುತ್ತಿತ್ತು. ಇದನ್ನೂ ಯಾರಾದರೂ ನಿನಗೆ ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಹೇಳುತ್ತಿದ್ದೇನೆ.

ಅಣ್ಣನ ಕುಂಚಗಳಲ್ಲಿ ನಿನಗೆ ಯಾವುದಾದರೂ ಬೇಕಿದ್ದರೆ ತಿಳಿಸು, ಕಳಿಸುತ್ತೇನೆ. ಏಣಿಯ ಮಾತು ಬೇಡ.


ಫೆಬ್ರವರಿ ೨೭

ಅತ್ತಿಗೆಯವರಿಗೆ,

ಅಣ್ಣ ಬೇರೆಯವರ ಏಣಿ ಹತ್ತುತ್ತಿರಲಿಲ್ಲ. ನಾನು ಹುಡುಗನಾಗಿದ್ದಾಗ ಒಮ್ಮೆ ನಮ್ಮ ಏಣಿ ಎರಡು ಬೀದಿ ಆಚೆ ಇತ್ತು, ಪಕ್ಕದ ಮನೆಯವರದ್ದು ಕೈಗೆಟುಕುವಂತಿತ್ತು. ತರಲೇ ಎಂದು ಕೇಳಿದೆ. "ಕಂಡವರ ಏಣಿ ಹತ್ತೋಕೆ ನನಗೇನು ಹುಚ್ಚಾ?" ಎಂದು ಬೈದು ಎರಡು ಬೀದಿ ನಡೆಸಿದ. ಆ ಮನುಷ್ಯ ತನ್ನ ಏಣಿಯನ್ನು ಮನೆಯ ಹಿಂದೆ ಒರಗಿಸಿಟ್ಟು ಸುಣ್ಣ ಹೊಡೆಯುವವನ ಏಣಿಯನ್ನು ಬಾಡಿಗೆಗೆ ತಂದನೇ? ಇದನ್ನು ಬೇರೆ ಯಾರಿಗಾದರೂ ಹೇಳಿ, ನಂಬಿಯಾರು.

ಭಾನುವಾರ ಫೋನ್ ಮಾಡಿದಾಗ ನೀವು ಇರಲಿಲ್ಲ. ಅಮ್ಮ ಎತ್ತಿದಳು. ಹಿಂದೆ ಯಾರೋ ಗಂಡಸು ಕೆಮ್ಮಿದ್ದು ಕೇಳಿಸಿತು. ಯಾರು ಎಂದೆ. "ಸುಣ್ಣದಣ್ಣ ಕಣೋ, ಊಟಕ್ಕೆ ಬಂದಿದಾನೆ" ಎಂದಳು. ಏಣಿಯ ವಿಷಯ ಕೇಳಿದೆ. ಅವಳು "ಅಲ್ಲಿ ಸೆಕೆ ಇದೆಯಾ?" ಎಂದು ಕೇಳಿದಳು. ಅವಳ ಬಾಯಿಗೂ ಬೀಗ ಹಾಕಿಸಿದ್ದೀರಿ.

ನಾನು ಬಿಡಿಸಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಅವನ ಏಣಿ ಕೊಳೆತಿತ್ತು. ಅದು ಅವನಿಗೆ ಗೊತ್ತಿತ್ತು. ಯಾವುದೋ ನೆಪ ಹೇಳಿ ಅಣ್ಣನನ್ನು ಅದರ ಮೇಲೆ ಹತ್ತಿಸಿದ. ಈಗ ಅಣ್ಣನ ಅಂಗಡಿಯಲ್ಲಿ ಅವನೇ ಹತ್ತಿ ಇಳಿಯುತ್ತಾನೆ, ಅಣ್ಣನ ಮನೆಯಲ್ಲಿ ಉಣ್ಣುತ್ತಾನೆ. ನಿಮಗೆ ಅವನು ಬೇಕು. ಆದ್ದರಿಂದ ಏಣಿಯೊಂದೇ ಅಪರಾಧಿ, ಮನುಷ್ಯರು ಯಾರೂ ಅಲ್ಲ. ನನ್ನ ಪದದ ಅರ್ಥವನ್ನು ನಮ್ಮ ಕಚೇರಿಯವರಿಗಿಂತ ನೀವು ಚೆನ್ನಾಗಿ ತಿಳಿದುಕೊಂಡಿದ್ದೀರಿ.

ನಿಮ್ಮ ಕೈಯ ಅನ್ನ ಉಂಡು ಬೆಳೆದವನು ನಾನು. ಆದರೆ ಸತ್ತವನು ನನ್ನ ಅಣ್ಣ. ಒಂದು ದೂರು ಬರೆದಿಟ್ಟಿದ್ದೇನೆ. ಹತ್ತನೆಯ ತಾರೀಖಿನವರೆಗೆ ನಿಮ್ಮ ಉತ್ತರಕ್ಕೆ ಕಾಯುತ್ತೇನೆ.


ಮಾರ್ಚ್ ೫

ಥೂ.

ನಿನ್ನ ಕಾಗದ ಓದಿ ಮೊದಲು ಬಾಯಿಗೆ ಬಂದದ್ದು ಇದೇ, ಅದಕ್ಕೇ ಅದನ್ನೇ ಮೊದಲು ಬರೆದೆ. ನಾನು ಈ ಮನೆಗೆ ಬಂದಾಗ ನೀನು ಶಾಲೆಗೆ ಹೋಗುವ ಹುಡುಗ. ನಿನ್ನ ಚೀಲಕ್ಕೆ ದಿನಾ ಡಬ್ಬಿ ಹಾಕಿದ್ದು ಈ ಕೈ. "ಇವನಿಗೆ ಬಣ್ಣದ ವಾಸನೆ ಸೋಕಬಾರದು, ಓದಲಿ" ಎಂದು ನಿನ್ನ ಅಣ್ಣ ನಿನ್ನನ್ನು ಅಂಗಡಿಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಓದಿ ಓದಿ ಇದಾ ಕಲಿತದ್ದು?

ಸುಣ್ಣದಣ್ಣ ಊಟಕ್ಕೆ ಬರುವುದು ಅತ್ತೆ ಕರೆಯುವುದರಿಂದ. ಅವರ ಹೆಂಡತಿಯೂ ಬರುತ್ತಾಳೆ, ಮಕ್ಕಳೂ ಬರುತ್ತವೆ. ಅವರ ಕೆಮ್ಮು ಮಾತ್ರ ನಿನಗೆ ಕೇಳಿಸಿತು, ಮಕ್ಕಳ ಗಲಾಟೆ ಕೇಳಿಸಲಿಲ್ಲವಾ? ನಮಗೆ ಬೇಕಾದ್ದೇ ನಮ್ಮ ಕಿವಿಗೆ ಬೀಳುವುದು.

ಕೋಪ ಇಲ್ಲಿಗೆ ಸಾಕು. ಈಗ ಬೇಡಿಕೊಳ್ಳುತ್ತೇನೆ. ದೂರು ಕಳಿಸಬೇಡ. ಅವರದು ಎಳ್ಳಷ್ಟೂ ತಪ್ಪಿಲ್ಲ. ಯಾಕೆ, ಹೇಗೆ ಎಂದು ಕೇಳಬೇಡ, ನಾನು ಹೇಳಲಾರೆ. ಯಾರ ಮೇಲಾದರೂ ಬರೆಯಲೇಬೇಕು ಎಂದಿದ್ದರೆ ನನ್ನ ಮೇಲೆ ಬರೆ. ಅವರ ಮೇಲೆ ಬೇಡ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದರೆ ನೀನು ಇವತ್ತು ನಂಬುವುದಿಲ್ಲ. ಆದರೂ ಹೇಳಿದ್ದೇನೆ.

ಅತ್ತಿಗೆ


ಮಾರ್ಚ್ ೧೧

"ನನ್ನ ಮೇಲೆ ಬರೆ, ಅವರ ಮೇಲೆ ಬೇಡ." ಒಬ್ಬ ಹೆಂಗಸು ಇಂಥ ಮಾತನ್ನು ಯಾರಿಗಾಗಿ ಬರೆಯುತ್ತಾಳೆ ಎಂಬುದು ತಿಳಿಯದಷ್ಟು ಚಿಕ್ಕವನಲ್ಲ ನಾನು.

ದೂರನ್ನು ನಿನ್ನೆ ಅಂಚೆಗೆ ಹಾಕಿದೆ.


ಏಪ್ರಿಲ್ ೪

ಸಣ್ಣಕ್ಷರ,

ಆ ಹೆಸರಿನಿಂದ ನಿನ್ನನ್ನು ಕರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಿನ್ನ ಅಣ್ಣ ಇಟ್ಟ ಹೆಸರು, ಅವರಿಗಾಗಿ ಕರೆಯುತ್ತಿದ್ದೇನೆ.

ಮೊನ್ನೆ ಸುಣ್ಣದಣ್ಣನನ್ನು ಠಾಣೆಗೆ ಕರೆಸಿದರು. ಬೆಳಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದರು. ಶಾಲೆಯ ಗೋಡೆಗೆ ಸುಣ್ಣ ಹೊಡೆಯುವ ಕೆಲಸ ಅವರಿಗೆ ಸಿಕ್ಕಿತ್ತು, ಅದನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಕೇಸು ಇರುವವನು ಮಕ್ಕಳ ಶಾಲೆಯೊಳಗೆ ಬರುವುದು ಬೇಡವಂತೆ. ನಾನು ಅವರ ಬಾಗಿಲಲ್ಲಿ ನಿಂತು "ಎಲ್ಲ ಹೇಳಿಬಿಡಿ ಅಣ್ಣ" ಎಂದೆ. "ಮಾತು ಕೊಟ್ಟಿದೀನಲ್ಲಮ್ಮ" ಎಂದು ಕೈಕಾಲು ತೊಳೆಯಲು ಒಳಗೆ ಹೋದರು. ಅಷ್ಟೇ ಮಾತು. ಇನ್ನು ನಾನು ಬಾಯಿ ಮುಚ್ಚಿಕೊಂಡಿದ್ದರೆ ಮನುಷ್ಯಳೇ ಅಲ್ಲ.

ನಿನ್ನ ಅಣ್ಣ ಬಿದ್ದದ್ದು ನೀಲಿ ಏಣಿಯಿಂದ.

ಬೋರ್ಡ್ ಬರೆಯುವವರ ಮರದ ಏಣಿಗೆ ಬಣ್ಣ ಬಳಿಯುವುದಿಲ್ಲ, ಮಾರಾಯ. ಬಡತನಕ್ಕಲ್ಲ, ಸೋಮಾರಿತನಕ್ಕಲ್ಲ. ಬಿರುಕು ಕಣ್ಣಿಗೆ ಕಾಣಬೇಕು ಎಂದು. ಅವರು ದಿನಾ ಬೆಳಗ್ಗೆ ಏಣಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಮೆಟ್ಟಿಲ ಮೇಲೆ ಹೆಬ್ಬೆರಳು ಓಡಿಸುತ್ತಿದ್ದರು. ಎಣ್ಣೆ ಸವರುತ್ತಿದ್ದರು, ಅಷ್ಟೇ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ನಿನಗೊಬ್ಬನಿಗೇ ಗೊತ್ತಿರಲಿಲ್ಲ, ಯಾಕೆಂದರೆ ನಿನ್ನನ್ನು ಬಣ್ಣದಿಂದ ದೂರ ಇಟ್ಟು ಬೆಳೆಸಿದ್ದೇ ನಾವು.

ಅವರು ನಕ್ಕು ನೆಲದಲ್ಲಿ ಕೂತದ್ದು ನಿನಗೆ ನೆನಪಿದೆ. ನೀನು ರೈಲು ಹತ್ತಿ ಹೋದ ಮೇಲೆ ಏಣಿಯ ಮುಂದೆ ನಿಂತು ನೀಲಿಯ ಮೇಲೆ ಹೆಬ್ಬೆರಳು ಓಡಿಸಿದ್ದು ನನಗೆ ನೆನಪಿದೆ. "ಇವತ್ತೇ ಕೆರೆದುಬಿಡಿ" ಎಂದೆ. "ಪ್ರೀತಿಯಿಂದ ಬಳಿದಿದಾನೆ ಕಣೇ. ಈಗಲೇ ಕೆರೆಯೋಕೆ ಮನಸ್ಸು ಬರ್ತಿಲ್ಲ. ಸ್ವಲ್ಪ ದಿನ ಇರಲಿ" ಎಂದರು. ಆಮೇಲೆ ನಾನೂ ಮತ್ತೆ ಹೇಳಲಿಲ್ಲ. ಬೀದಿಯ ಮಕ್ಕಳು ಆ ಮೆಟ್ಟಿಲುಗಳ ಮೇಲೆ ಅಕ್ಷರ ಓದಿಕೊಂಡು ಹೋಗುತ್ತಿದ್ದವು. ನೋಡಲು ಚೆಂದವಿತ್ತು.

ಮುರಿದದ್ದು ಉ ಬರೆದ ಮೆಟ್ಟಿಲು. ಮುರಿದ ಜಾಗ ಅರ್ಧ ಬೆಳ್ಳಗೆ, ಹೊಸದಾಗಿತ್ತು. ಇನ್ನರ್ಧ ಬೂದುಬಣ್ಣಕ್ಕೆ ತಿರುಗಿತ್ತು. ಅಂದರೆ ಮೊದಲೇ ಬಿರುಕು ಬಿಟ್ಟಿತ್ತು, ಮೇಲೆ ನೀಲಿ ಮುಚ್ಚಿಕೊಂಡಿತ್ತು. ಬಣ್ಣ ಇಲ್ಲದಿದ್ದರೂ ಅವತ್ತು ಅವರ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡುವ ಶಕ್ತಿಯೂ ನನ್ನಲ್ಲಿ ಉಳಿದಿಲ್ಲ.

ಮೊದಲು ಓಡಿಬಂದವರು ಸುಣ್ಣದಣ್ಣ. ನಿನ್ನ ಅಣ್ಣನನ್ನು ಎತ್ತಿ ಮನೆಯೊಳಗೆ ಮಲಗಿಸಿದರು. ಆಗಲೇ ಎಲ್ಲ ಮುಗಿದಿತ್ತು. ಅವರು ಏಣಿ ನೋಡಿದರು, ನನ್ನ ಮುಖ ನೋಡಿದರು. ಅದನ್ನು ಬಳಿದವನು ಯಾರೆಂದು ಓಣಿಗೆಲ್ಲ ಗೊತ್ತಲ್ಲ, ನಿನ್ನ ಅಣ್ಣನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದರು. "ಆ ಹುಡುಗನಿಗೆ ಇದು ಗೊತ್ತಾಗೋದು ಬೇಡಮ್ಮ" ಎಂದು ನೀಲಿ ಏಣಿಯನ್ನು ಎತ್ತಿ ಒಳಗಿಟ್ಟು ತಮ್ಮ ಏಣಿ ತಂದರು. ಅದನ್ನು ನೆಲಕ್ಕೆ ಹಾಕಿ, ತಮ್ಮ ಕಾಲಿನಿಂದ ತಾವೇ ಒಂದು ಮೆಟ್ಟಿಲು ಮುರಿದರು. ಪೊಲೀಸರು ಯಾರ ಏಣಿ ಎಂದಾಗ "ನಂದು" ಎಂದರು. ಅವತ್ತು ಅವರನ್ನು ಬೈದವರೆಷ್ಟೋ. ನೀನೂ ಈಗ ಆ ಸಾಲಿಗೆ ಸೇರಿದೆ.

ಚಲಿಸಿದ್ದೆಲ್ಲವನ್ನೂ ಕೊಡಬೇಕು ಎಂದು ನಿನ್ನ ಆ ಹಳೆಯ ಕಾನೂನು ಹೇಳುತ್ತದಲ್ಲ. ಅವತ್ತು ಏನೇನು ಚಲಿಸಿತ್ತು ಹೇಳು. ನಿನ್ನ ಪ್ರೀತಿ, ನಿನ್ನ ಅಣ್ಣನ ಮುಲಾಜು, ಇನ್ನೊಮ್ಮೆ ಹೇಳದ ನನ್ನ ಬಾಯಿ, ಬೇಗ ಮುಗಿಸಿ ಎಂದು ಅವಸರ ಮಾಡಿದ ಔಷಧಿ ಅಂಗಡಿಯವನು. ಯಾರನ್ನು ಕೊಡೋಣ? ನಾನು ಏಣಿಯೊಂದನ್ನೇ ಕೊಟ್ಟುಬಿಟ್ಟೆ ಎಂದುಕೊಂಡಿದ್ದೆ. ಸೌದೆಗೂ ಹಾಕಲಾಗಲಿಲ್ಲ. ಹಳೆಯ ಬ್ಯಾನರ್ ಬಟ್ಟೆಯಲ್ಲಿ ಸುತ್ತಿ ಮೇಲಿನ ಕೋಣೆಯಲ್ಲಿಟ್ಟಿದ್ದೇನೆ.

ನನ್ನನ್ನು ಏನು ಬೇಕಾದರೂ ಅಂದುಕೋ. ಠಾಣೆಗೆ ಮಾತ್ರ ಇವತ್ತೇ ಬರೆ.

ಅತ್ತಿಗೆ


ಜೂನ್ ೧೭

ಅತ್ತಿಗೆ,

ಠಾಣೆಗೆ ಆವತ್ತೇ ತಂತಿ ಕಳಿಸಿದೆ, ಮರುದಿನ ವಿವರವಾಗಿ ಬರೆದೆ. ಏಣಿ ನಮ್ಮದು, ಬಣ್ಣ ನನ್ನದು, ಆ ಮನುಷ್ಯ ನನ್ನ ಸಲುವಾಗಿ ಸುಳ್ಳು ಹೇಳಿದ, ಅದಕ್ಕೆ ಶಿಕ್ಷೆಯಿದ್ದರೆ ನನಗೆ ಕೊಡಿ ಎಂದು. ಅವರಿಂದ ಎರಡು ಸಾಲಿನ ಉತ್ತರ ಬಂತು. ವಿಚಾರಣೆ ಮುಗಿಸಿದ್ದಾರೆ. ಶಾಲೆಯವರಿಗೂ ಬರೆದಿದ್ದೇನೆ. ಅವರಿಂದ ಇನ್ನೂ ಏನೂ ಬಂದಿಲ್ಲ.

ನಿಮಗೆ ಬರೆಯಲು ಇಷ್ಟು ದಿನ ಬೇಕಾಯಿತು. ಕೂತಾಗಲೆಲ್ಲ ನನ್ನ ಫೆಬ್ರವರಿಯ ಕಾಗದ ಕಣ್ಣೆದುರು ಬರುತ್ತಿತ್ತು. ಅದನ್ನು ನೀವು ಅಂಗಡಿಯಲ್ಲಿ ಒಬ್ಬರೇ ನಿಂತು ಓದಿರುತ್ತೀರಿ. ಕೈಯಲ್ಲಿ ಕುಂಚ ಇದ್ದಿರಬೇಕು. ನಿಮ್ಮನ್ನು ಎಂಥವಳೆಂದು ಬರೆದೆ ನಾನು! ಕ್ಷಮಿಸಿ ಎಂಬ ಪದ ನಮ್ಮ ನಿಘಂಟಿನಲ್ಲಿ ಬಹಳ ಸುಲಭವಾಗಿ ಸಿಗುತ್ತದೆ, ಅದಕ್ಕೇ ಬರೆಯಲು ನಾಚಿಕೆಯಾಗುತ್ತಿದೆ.

ಕಚೇರಿಯಲ್ಲಿ ಡಿ ಅಕ್ಷರ ಮುಗಿಯಿತು, ಆ ಒಂದು ಪದ ಬಿಟ್ಟು. ಮೂಲ, ಅರ್ಥ ಎಲ್ಲ ಬರೆದಿದ್ದೇನೆ. ಉದಾಹರಣೆ ವಾಕ್ಯದ ಜಾಗ ಖಾಲಿಯಿದೆ. ಸಂಪಾದಕರು ದಿನಾ ಕೇಳುತ್ತಾರೆ. "ಗಾಡಿ ಕುದುರೆ ಏನಾದ್ರೂ ಹಾಕಿ ಮುಗಿಸಿ ಸ್ವಾಮಿ" ಎನ್ನುತ್ತಾರೆ, ಥೇಟ್ ನಿಮ್ಮ ಹಾಗೆ. ರೈಲುಗಳು ಬಂದ ಮೇಲೆ ಆ ಕಾನೂನನ್ನೇ ಕಿತ್ತುಹಾಕಿದರಂತೆ. ಅಷ್ಟು ದೊಡ್ಡ ಎಂಜಿನನ್ನು ದೇವರಿಗೆ ಕೊಡುವುದು ಯಾರಿಗೂ ಬೇಕಿರಲಿಲ್ಲ. ಕಾನೂನು ಹೋಯಿತು, ಪದ ಮಾತ್ರ ಅನಾಥವಾಗಿ ಉಳಿಯಿತು. ಈಗ ನನ್ನ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿದೆ.

ಆ ಏಣಿಯನ್ನು ನನಗೆ ಕಳಿಸಿಬಿಡಿ. ನನ್ನ ಕೋಣೆಯಲ್ಲಿ, ಕಣ್ಣೆದುರಿಗೆ ಇಟ್ಟುಕೊಳ್ಳುತ್ತೇನೆ. ನನಗೆ ಅದೇ ಸರಿ. ಮನೆಗೆ ಬರುವ ಮುಖ ನನಗಿಲ್ಲ. ಅಮ್ಮನಿಗೆ ಮಾತ್ರ ಇದು ತಿಳಿಯುವುದು ಬೇಡ, ನಿಮ್ಮ ಕಾಲು ಹಿಡಿಯುತ್ತೇನೆ. ದೊಡ್ಡ ಮಗನನ್ನು ಚಿಕ್ಕವನೇ ಕೊಂದ ಎಂದು ತಿಳಿದರೆ ಅವಳು ಉಳಿಯುವುದಿಲ್ಲ. ಫೋನ್ ಮಾಡಿದಾಗ ಅವಳ ದನಿ ಕೇಳಿದರೆ ಅಳು ಬರುತ್ತದೆ, ನೆಗಡಿ ಎನ್ನುತ್ತೇನೆ.

ನಿಮ್ಮ
ಸಣ್ಣಕ್ಷರ


ಜೂನ್ ೨೫

ಸಣ್ಣಕ್ಷರ,

ನಿನ್ನ ನೆಗಡಿ ಯಾವ ಥರದ್ದು ಎಂದು ಅತ್ತೆಗೆ ಗೊತ್ತು. ಶಾಲೆಗೆ ಹೋಗುವಾಗಲೂ ನಿನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲವಂತೆ.

ನಿನ್ನ ಅಮ್ಮನಿಗೆ ತಿಳಿಯಬಾರದು ಎನ್ನುತ್ತೀಯಲ್ಲ, ಕೇಳು. ಅವತ್ತು ಕಿಟಕಿಯಲ್ಲಿ ಕೂತು ಎಲ್ಲ ನೋಡಿದವರು ಅವರು. ಸುಣ್ಣದಣ್ಣ ನೀಲಿ ಏಣಿ ಹೊತ್ತು ಒಳಗೆ ಬಂದಾಗ ಅವರ ಕೈ ಹಿಡಿದುಕೊಂಡು "ಒಬ್ಬನ್ನ ಕಳ್ಕೊಂಡಿದೀನಿ. ಇನ್ನೊಬ್ಬನಿಗೆ ಇದು ಗೊತ್ತಾದ್ರೆ ಅವನೂ ನನಗೆ ಉಳಿಯಲ್ಲ" ಎಂದರು. ನಮ್ಮಿಬ್ಬರಿಂದ ಮಾತು ತೆಗೆದುಕೊಂಡದ್ದು ಅವರು. ಫೋನಿನ ಪಕ್ಕ ಗೂಟ ಹೊಡೆದುಕೊಂಡು ಕೂರುವುದು ನಿನ್ನ ಮಾತು ಕೇಳುವುದಕ್ಕಲ್ಲ. ನನ್ನ ಬಾಯಿಂದ ಏನೂ ಜಾರದಂತೆ ಕಾಯುವುದಕ್ಕೆ. ಅವರಿಗೆ ತಿಳಿಯಬಾರದೆಂದು ನೀನು, ನಿನಗೆ ತಿಳಿಯಬಾರದೆಂದು ಅವರು. ನಡುವೆ ಸಿಕ್ಕಿಕೊಂಡವಳು ನಾನು. ನಿಮ್ಮ ಮನೆತನವೇ ಹೀಗೆ!

ನಿನಗೆ ಎಲ್ಲ ಬರೆದೆ ಎಂದು ಅವರಿಗೆ ಏಪ್ರಿಲ್‌ನಲ್ಲೇ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಉತ್ತರ ಬಂತಾ?" ಎಂದರು. ಆಮೇಲೆ ದಿನಾ ಅದೊಂದೇ ಪ್ರಶ್ನೆ. ನಿನ್ನ ಕಾಗದ ಬಂದ ದಿನ ಪೂರ್ತಿ ಓದಿ ಹೇಳಿದೆ. ಕೊಂದ ಎಂಬ ಮಾತು ಬಂದಾಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. "ಅವನಿಗೆ ಬರೆ. ಆ ಪದ ಅವನ ಪುಸ್ತಕದಲ್ಲಿ ಎಲ್ಲಿ ಬೇಕಾದ್ರೂ ಇರಲಿ, ನನ್ನ ಮನೆಗೆ ಬರೋದು ಬೇಡ ಅಂತ" ಎಂದರು. ಬರೆದಿದ್ದೇನೆ.

ನನಗೆ ನಿನ್ನ ಮೇಲೆ ಇನ್ನೂ ಕೋಪವಿದೆ. ಫೆಬ್ರವರಿಯದಕ್ಕೆ. ಅದು ಹೋಗುತ್ತದೆ, ಆದರೆ ಕಾಗದದಲ್ಲಿ ಹೋಗುವುದಿಲ್ಲ.

ಏಣಿ ಕಳಿಸುವುದಿಲ್ಲ. ನಿನ್ನ ಕೋಣೆಯಲ್ಲಿ ನಿಲ್ಲಿಸಿಕೊಂಡು ದಿನಾ ನೋಡಿ ಕೊರಗಲು ಅದೇನು ನಿನ್ನದೊಬ್ಬನದೇ? ಬಟ್ಟೆ ಬಿಚ್ಚಿ ಹಿತ್ತಿಲಿಗೆ ಇಳಿಸಿದ್ದೇವೆ. ಕೆರೆಯಬೇಕು. ಸುಣ್ಣದಣ್ಣ ಉ ಇದ್ದ ಜಾಗಕ್ಕೆ ಹೊಸ ಮೆಟ್ಟಿಲು ಕೆತ್ತುತ್ತಿದ್ದಾರೆ. ಅವತ್ತು ತುಳಿದ ಏಟಿಗೆ ಅವರ ಏಣಿಯ ಉದ್ದದ ಮರವೂ ಸೀಳಿಹೋಗಿತ್ತು, ಅವರು ಇವತ್ತಿಗೂ ಸಾಲ ತಂದ ಏಣಿಯಲ್ಲೇ ದುಡಿಯುತ್ತಿದ್ದಾರೆ. ಇದು ಅವರಿಗೆ. ದೇವರಿಗೆ ಕೊಡುವುದಾದರೆ ಅವರ ಮೂಲಕವೇ ಹೋಗಲಿ ಎಂದು ಅತ್ತೆಯೂ ನಾನೂ ತೀರ್ಮಾನ ಮಾಡಿದ್ದೇವೆ. ಬೇಕಿದ್ದರೆ ಇದನ್ನೇ ನಿನ್ನ ವಾಕ್ಯವಾಗಿ ಬರೆದುಕೋ.

ಅ, ಆ, ಇ, ಈ, ಯಾವುದನ್ನೂ ನಾವು ಇನ್ನೂ ಮುಟ್ಟಿಲ್ಲ. ಬಳಿದವನೇ ಕೆರೆಯಬೇಕು ಎಂದು ಸುಣ್ಣದಣ್ಣ ಹಟ ಹಿಡಿದಿದ್ದಾರೆ. ಬರುವಾಗ ಒರಟು ಉಜ್ಜುಕಾಗದ ತಾ, ಇಲ್ಲಿಯದು ಬೇಗ ಸವೆಯುತ್ತದೆ. ರೈಲಿಳಿದವನು ಮೊದಲು ಹಿಂದಿನ ಓಣಿಗೆ, ಅವರ ಬಾಗಿಲಿಗೆ ಹೋಗು. ಏನು ಹೇಳಬೇಕೋ ಅವರ ಮುಖ ನೋಡಿ ಹೇಳು. ಆಮೇಲೆ ಇಬ್ಬರೂ ಊಟಕ್ಕೆ ಬನ್ನಿ.

ಅತ್ತೆ ಕುರ್ಚಿಯನ್ನು ಫೋನಿನ ಪಕ್ಕದಿಂದ ಎತ್ತಿ ಬಾಗಿಲ ಹತ್ತಿರ ಹಾಕಿಸಿಕೊಂಡಿದ್ದಾರೆ.

ಅತ್ತಿಗೆ